ಭಟ್ಟಿಯವನು ಬಾಯಿ ಕಟ್ಟಿದ ವರ್ಷ

ವುಕಾಶಿನ್ ನನ್ನ ತಮ್ಮ, ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವನು. ಅವನು ಹುಟ್ಟಿದಾಗ ಅಮ್ಮನ ಎದೆಯಲ್ಲಿ ಹಾಲಿರಲಿಲ್ಲ. ಮೇಕೆಯ ಹಾಲಿನಲ್ಲಿ ಬಟ್ಟೆಯ ತುದಿ ಅದ್ದಿ ಅವನ ಬಾಯಿಗಿಟ್ಟು ಚೀಪಿಸಿದವಳು ನಾನು. ಹೀಗಾಗಿ ಅವನು ನನಗೆ ಅರ್ಧ ತಮ್ಮ, ಅರ್ಧ ಮಗ. ಈಗ ಅವನಿಗೆ ಐವತ್ತೆಂಟು. ಗಂಡ ತೀರಿಕೊಂಡ ಮೇಲೆ ನಾನು ತವರಿನ ಅಂಗಳದಲ್ಲಿರುವ ಎರಡು ಕೋಣೆಯ ಮನೆಗೆ ಬಂದೆ. ನನ್ನ ಬಾಗಿಲಿನಿಂದ ಅವನ ಅಡುಗೆಮನೆಗೆ ಹದಿನೆಂಟು ಹೆಜ್ಜೆ.

ನಮ್ಮ ಯಾಸೆನೊವೊದಲ್ಲಿ ಮನೆಗಳು ಎಪ್ಪತ್ತು, ಭಟ್ಟಿ ಒಂದೇ. ಅದು ಮೊದಲು ತಾತನ ಕೈಯಲ್ಲಿತ್ತು, ಆಮೇಲೆ ಅಪ್ಪನ ಕೈಗೆ ಬಂತು, ಅವನ ನಂತರ ವುಕಾಶಿನ್‌ನದಾಯಿತು. ಪ್ಲಮ್ ಹಣ್ಣು ಉದುರುವ ಕಾಲಕ್ಕೆ ಪ್ರತಿ ಮನೆಯವರೂ ಹಣ್ಣನ್ನು ಪೀಪಾಯಿಗಳಲ್ಲಿ ಕೊಳೆಹಾಕುತ್ತಾರೆ, ಹಾಗೆ ಹಾಕಿದ ಹಣ್ಣನ್ನೇ ಕೊಳೆ ಎನ್ನುತ್ತೇವೆ. ಮೂರು ವಾರಕ್ಕೆ ಅದು ಹುಳಿ ಬಂದು ನಿಂತಾಗ ಗಾಡಿಯಲ್ಲಿ ಹೇರಿಕೊಂಡು ಭಟ್ಟಿಮನೆಗೆ ಬರುತ್ತಾರೆ. ಇಳಿಸಿದ ಹಣ್ಣಿನ ಸಾರಾಯಿ, ಅಂದರೆ ರಾಕಿಯಾದಲ್ಲಿ, ಹತ್ತು ಲೀಟರಿಗೆ ಒಂದು ಲೀಟರು ಭಟ್ಟಿಯವನ ಪಾಲು. ಹಾಗೆ ಬಂದ ಪಾಲೆಲ್ಲ ತಮ್ಮನ ಮನೆಯ ನೆಲಮಾಳಿಗೆಯಲ್ಲಿ ಹಿಪ್ಪುನೇರಳೆ ಮರದ ಪೀಪಾಯಿಗಳಲ್ಲಿ ಇರುತ್ತಿತ್ತು. ಅವನ ಮಂಚ ಇದ್ದದ್ದು ಸರಿಯಾಗಿ ಅದರ ಮೇಲೆ.

ಭಟ್ಟಿಯ ಕೆಲಸದಲ್ಲಿ ಸೌದೆ ಹಾಕುವುದನ್ನು ಯಾರು ಬೇಕಾದರೂ ಮಾಡಬಹುದು. ಕಷ್ಟ ಇರುವುದು ಕತ್ತರಿಸುವುದರಲ್ಲಿ. ಕೊಳವೆಯಿಂದ ಮೊದಲು ಹನಿಯುವುದಕ್ಕೆ ತಲೆ ಎನ್ನುತ್ತೇವೆ. ಅದು ಚುರುಕಾಗಿರುತ್ತದೆ, ಕುಡಿದರೆ ತಲೆ ಸಿಡಿಯುತ್ತದೆ, ಕಣ್ಣಿಗೂ ಕೆಟ್ಟದ್ದು ಅಂತ ಹಿರಿಯರು ಹೇಳುತ್ತಾರೆ. ಅದನ್ನು ಎಸೆಯಬೇಕು. ಆಮೇಲೆ ಬರುವ ನಡುಭಾಗ ಮಾತ್ರ ಕುಡಿಯುವಂಥದ್ದು. ಕೊನೆಯಲ್ಲಿ ಬಾಲ, ಅದು ಒದ್ದೆ ನಾಯಿಯ ನಾತ. ತಲೆ ಎಲ್ಲಿ ಮುಗಿಯಿತು, ಬಾಲ ಎಲ್ಲಿ ಶುರುವಾಯಿತು ಎಂದು ಹೇಳುವುದು ಭಟ್ಟಿಯವನ ನಾಲಿಗೆ. ಸುಗ್ಗಿಯಲ್ಲಿ ದಿನಕ್ಕೆ ಐವತ್ತು ಅರವತ್ತು ಸಲ ಅವನು ರುಚಿ ನೋಡಬೇಕು. ಉಗುಳುವ ಹಾಗಿಲ್ಲ. ಹಣ್ಣಿನ ಯಜಮಾನ ಪಕ್ಕದಲ್ಲೇ ನಿಂತಿರುತ್ತಾನೆ. ಉಗುಳಿದರೆ ನಿನ್ನ ತೋಟದ್ದು ಉಗುಳಬೇಕಾದ ಹಣ್ಣು ಎಂದಂತೆ. ಅಪ್ಪ ಉಗುಳಲಿಲ್ಲ. ಐವತ್ತಾರಕ್ಕೆ ಹೊಟ್ಟೆ ಊದಿ ಹೋದ.

ವುಕಾಶಿನ್ ಕುಡುಕ ಎಂದು ಊರಿನಲ್ಲಿ ಒಬ್ಬರೂ ಹೇಳಿದ್ದಿಲ್ಲ. ಕುಡುಕ ಎಂದರೆ ರಸ್ತೆಯಲ್ಲಿ ಬೀಳುವವನು, ಹೆಂಡತಿಗೆ ಹೊಡೆಯುವವನು. ಇವನು ಎರಡನ್ನೂ ಮಾಡಲಿಲ್ಲ. ಅವನ ಹೆಂಡತಿ ದೆಸಾಂಕ ಆಸ್ಟ್ರಿಯಾದಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಾಳೆ. ಮೂರು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಅವಳಿಲ್ಲದ ಒಂದು ದಿನ ಬೆಳಿಗ್ಗೆ, ಜೂನ್ ತಿಂಗಳಲ್ಲಿ, ಮೊಟ್ಟೆ ಕೊಡಲು ಹೋದ ನಾನು ಬಾಗಿಲಲ್ಲೇ ನಿಂತೆ. ಅವನು ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದ. ಒಂದು ತುದಿಯನ್ನು ಬಲಗೈಯ ಲೋಟದ ಜೊತೆ ಸೇರಿಸಿ ಹಿಡಿದು, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಮೆಲ್ಲಗೆ ಎಳೆಯುತ್ತಿದ್ದ. ಬಾವಿಯಿಂದ ಬಿಂದಿಗೆ ಎಳೆದ ಹಾಗೆ ಲೋಟ ಬಾಯಿಯ ತನಕ ಬಂತು. ಕುಡಿದ. ಕಾಲು ಗಂಟೆಗೆಲ್ಲ ಕೈ ನಡುಗುವುದು ನಿಂತಿತು. ಆಗ ನನ್ನ ಕಡೆ ತಿರುಗಿ, ಮೊಟ್ಟೆ ಎಷ್ಟು ತಂದೆ ಎಂದು ಕೇಳಿದ. ಹನ್ನೆರಡು ಎಂದೆ.

ಜುಲೈ ಕೊನೆಯಲ್ಲಿ ಅವನು ಅಂಗಡಿಯ ಮುಂದೆ ಬಿದ್ದ. ಸೆಟೆದುಕೊಂಡು ಬಿದ್ದವನು, ಬಾಯಲ್ಲಿ ನೊರೆ. ಆ ದಿನ ಬಸ್ಸು ತಪ್ಪಬಾರದೆಂದು ಬೆಳಗಿನ ಲೋಟ ಬಿಟ್ಟು ಹೊರಟಿದ್ದನಂತೆ. ಪೇಟೆಯ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮೃದುವಾಗಿ ಮಾತಾಡುವವಳಲ್ಲ. ಪಿತ್ತಜನಕಾಂಗ ಕಲ್ಲಾಗುತ್ತಿದೆ, ಹೀಗೇ ಕುಡಿದರೆ ಎರಡು ವರ್ಷ ಎಂದಳು. ಇನ್ನೊಂದು ಮಾತನ್ನೂ ಹೇಳಿದಳು. ಬಿಡುವುದೂ ಅಪಾಯವೇ, ದೇಹ ಇಷ್ಟು ವರ್ಷ ಇದರ ಮೇಲೆ ನಿಂತಿದೆ, ಒಮ್ಮೆಗೇ ಎಳೆದುಬಿಟ್ಟರೆ ಬೀಳುತ್ತದೆ, ಒಂದು ಸಲ ಬಿಟ್ಟ ಮೇಲೆ ಮತ್ತೆ ಹಿಡಿದು ಮತ್ತೆ ಬಿಟ್ಟರೆ ಆ ಬೀಳುವಿಕೆಯಲ್ಲಿ ಪ್ರಾಣ ಹೋದರೂ ಹೋಯಿತು. ಆಸ್ಪತ್ರೆಗೆ ಸೇರು ಎಂದಳು. ಇವನು ಒಪ್ಪಲಿಲ್ಲ. ಹುಚ್ಚರ ಜೊತೆ ಮಲಗುವುದಿಲ್ಲ, ಮನೆಯಲ್ಲೇ ಬಿಡುತ್ತೇನೆ, ಅಕ್ಕ ಇದ್ದಾಳೆ ಎಂದ. ಕೊನೆಗೆ ಮಾತ್ರೆ ಕೊಟ್ಟಳು, ನರ್ಸ್ ಜಿವ್ಕಾ ದಿನಾ ಸಂಜೆ ಬಂದು ನೋಡಬೇಕೆಂದು ಗೊತ್ತುಮಾಡಿದಳು, ನನ್ನನ್ನು ಎದುರು ಕೂರಿಸಿಕೊಂಡು ಮೂರು ವಿಷಯ ಹೇಳಿದಳು. ಜ್ವರ ಮೂವತ್ತೆಂಟು ಡಿಗ್ರಿ ದಾಟಿದರೆ, ಮಾತು ಅಡ್ಡಾದಿಡ್ಡಿ ಹೋದರೆ, ಮತ್ತೆ ಸೆಳೆತ ಬಂದರೆ, ಯಾರನ್ನೂ ಕೇಳಬೇಡ, ಕೂಡಲೇ ಫೋನ್ ಮಾಡು. ಜಿವ್ಕಾ ನಂಬರನ್ನು ದೊಡ್ಡದಾಗಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಾನು ಆಗಲಿ ಎಂದೆ. ಮೂರೂ ಅರ್ಥವಾಗಿದ್ದವು.

ಭಾನುವಾರ ಮಧ್ಯಾಹ್ನ ಅವನು ಕೊನೆಯ ಲೋಟ ಕುಡಿದ. ನೆಲಮಾಳಿಗೆಗೆ ಬೀಗ ಹಾಕಿ ಕೀಲಿಯನ್ನು ನನ್ನ ಕೈಯಲ್ಲಿಟ್ಟ. ನಾನು ಅದನ್ನು ಒಳಲಂಗದ ದಾರಕ್ಕೆ ಕಟ್ಟಿಕೊಂಡೆ.

ಸೋಮವಾರ ಬೆವರು ಶುರುವಾಯಿತು. ಆ ದಿನ ಆರು ಅಂಗಿ ಬದಲಾಯಿಸಿದೆ. ತಂತಿಯ ಮೇಲೆ ಒಂದು ಒಣಗುವುದರೊಳಗೆ ಇನ್ನೊಂದು ಬರುತ್ತಿತ್ತು. ಕೋಳಿ ಸಾರು ಕೊಟ್ಟರೆ ವಾಂತಿ, ಚಹಾ ಕೊಟ್ಟರೆ ವಾಂತಿ. ಎಲೆಕೋಸಿನ ಹುಳಿನೀರು ಮಾತ್ರ ಹೊಟ್ಟೆಯಲ್ಲಿ ನಿಂತಿತು. ಕೈ ನಡುಗುವುದು ಮೊಣಕೈ ದಾಟಿ ಭುಜಕ್ಕೆ ಹೋಯಿತು, ಸಂಜೆಯ ಹೊತ್ತಿಗೆ ಗಲ್ಲವೂ ನಡುಗುತ್ತಿತ್ತು. ಬೆಳಕು ಚುಚ್ಚುತ್ತದೆ ಎಂದು ಪರದೆ ಎಳೆಸಿದ. ಅಡುಗೆಮನೆಯ ನಲ್ಲಿ ಹನಿಯುವ ಸದ್ದನ್ನು ಕೇಳಿ ಎದ್ದು ಕೂತ. ಅದು ಭಟ್ಟಿಯ ಕೊಳವೆಯಲ್ಲ ಎಂದು ನಾನು ಹೇಳಲಿಲ್ಲ, ನಲ್ಲಿಗೆ ಚಿಂದಿ ಸುತ್ತಿದೆ.

ಕೀಲಿಯ ಮಾತನ್ನು ಅವನು ನೇರವಾಗಿ ತೆಗೆಯಲಿಲ್ಲ. ನೆಲಮಾಳಿಗೆಯಲ್ಲಿ ಆಲೂಗಡ್ಡೆ ಕೊಳೆಯುತ್ತಿರಬೇಕು, ನೋಡಿಕೊಂಡು ಬರುತ್ತೇನೆ ಎಂದ. ಇಲಿ ಸದ್ದು ಕೇಳಿತು ಎಂದ. ಮಂಗಳವಾರ ಬೆಳಿಗ್ಗೆ ನಾನು ನೆಲ ಒರೆಸುತ್ತಿದ್ದಾಗ ಹಿಂದೆ ಬಂದು ನಿಂತ.

"ಅಕ್ಕ, ಒಂದೇ ಒಂದು ಚಮಚ. ಕೈ ನಿಂತ್ರೆ ಗಡ್ಡನಾದ್ರೂ ಮಾಡ್ಕೋತೀನಿ."

"ಗಡ್ಡ ಇರ್ಲಿ ಬಿಡು. ಯಾರ್ ನೋಡೋಕ್ ಬರ್ತಾರೆ."

"ನೀನು ನನ್ನ ಸಾಯಿಸ್ತಿದ್ದೀಯ, ಗೊತ್ತಾ?"

ಸಿಟ್ಟಿನಿಂದ ಹೇಳಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದ. ನಾನು ಒರೆಸುತ್ತಲೇ ಇದ್ದೆ, ಒರೆಸಿದ ಜಾಗವನ್ನೇ ಮತ್ತೆ ಒರೆಸಿದೆ. ಅವನು ನನಗಿಂತ ಎರಡರಷ್ಟು ತೂಕದವನು. ಕೀಲಿ ಕಿತ್ತುಕೊಳ್ಳಬೇಕೆಂದಿದ್ದರೆ ಕಿತ್ತುಕೊಳ್ಳಬಹುದಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಅದೇ ಮಧ್ಯಾಹ್ನ ಪಕ್ಕದ ತೋಟದ ತಿಹೊಮಿರ್ ಬಂದ. ಅವನೂ ವುಕಾಶಿನ್ನೂ ಒಟ್ಟಿಗೆ ಸೈನ್ಯದಲ್ಲಿದ್ದವರು. ಕೋಟಿನ ಒಳಗೆ ಏನೋ ಉಬ್ಬಿತ್ತು. ಇವನ ಸ್ಥಿತಿ ನೋಡಿ ಅವನಿಗೆ ನಿಜವಾಗಿಯೂ ಕರುಳು ಚುರುಕ್ ಎಂದಿರಬೇಕು, ನನ್ನನ್ನು ಅಂಗಳಕ್ಕೆ ಕರೆದು, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ರೂಜಕ್ಕ, ಒಂದು ಗುಟುಕು ಹಾಕಿ ನಿಧಾನವಾಗಿ ಇಳಿಸಿದರಾಯಿತು, ಹೀಗೆ ಕಟುಕರ ಹಾಗೆ ಮಾಡುತ್ತಾರೆಯೇ ಎಂದ. ಕೋಟಿನಲ್ಲಿರುವುದನ್ನು ಬೇಲಿಯಾಚೆ ಇಟ್ಟು ಬಂದರೆ ಕಾಫಿ ಕೊಡುತ್ತೇನೆ ಎಂದೆ. ಅವನು ಹಾಗೇ ಹೊರಟುಹೋದ.

ಬುಧವಾರದ್ದನ್ನು ನಾನು ಸರಿಯಾಗಿ ಹೇಳಬೇಕು. ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು.

ಬೆಳಿಗ್ಗೆ ಅವನು ಉಸಿರು ಕಟ್ಟುತ್ತದೆ ಎಂದು ಕಿಟಕಿಯನ್ನೂ ಬಾಗಿಲನ್ನೂ ತೆರೆದು, ಒದ್ದೆ ಅಂಗಿಯಲ್ಲಿ ಎರಡರ ನಡುವೆ ಕೂತಿದ್ದ. ಅಡ್ಡಗಾಳಿ ನೇರ ಬೆನ್ನಿಗೆ ಬೀಸುತ್ತಿತ್ತು. ನಮ್ಮಲ್ಲಿ ಹಾಲು ಕುಡಿಯುವ ಕೂಸಿನಿಂದ ಹಿಡಿದು ಎಲ್ಲರಿಗೂ ಗೊತ್ತು, ಅಡ್ಡಗಾಳಿಗಿಂತ ಕೆಟ್ಟದ್ದಿಲ್ಲ. ಕಿವಿನೋವು, ಸೊಂಟನೋವು, ಜ್ವರ, ಎಲ್ಲಕ್ಕೂ ಅದೇ ಮೂಲ. ನಾನು ಬೈದು ಕಿಟಕಿ ಮುಚ್ಚಿದೆ. ಒಂಬತ್ತು ಗಂಟೆಗೆ ಹಣೆ ಮುಟ್ಟಿದರೆ ಸುಡುತ್ತಿತ್ತು. ಜ್ವರದ ಕಡ್ಡಿ ಇಟ್ಟು ನೋಡಿದೆ, ಮೂವತ್ತೆಂಟೂವರೆ. ಅಡ್ಡಗಾಳಿ ಹೊಡೆಯಿತು ಎಂದುಕೊಂಡೆ. ಡಾಕ್ಟರಮ್ಮ ಹೇಳಿದ ಜ್ವರ ಬೇರೆ, ಇದು ಬೇರೆ ಎಂದುಕೊಂಡೆ. ಫ್ರಿಜ್ಜಿನ ಬಾಗಿಲಿನ ಎದುರಿಗೇ ನಿಂತಿದ್ದೆ, ನಂಬರು ಕಣ್ಣಿಗೆ ಕಾಣುತ್ತಿತ್ತು.

ಜ್ವರಕ್ಕೆ ನಾವು ಮಾಡುವುದು ಒಂದೇ. ಉಣ್ಣೆಯ ಕಾಲುಚೀಲವನ್ನು ರಾಕಿಯಾದಲ್ಲಿ ನೆನೆಸಿ, ಹಿಂಡಿ, ಕಾಲಿಗೆ ಹಾಕಿ, ಮೇಲೆ ಒಣ ಚೀಲ ಏರಿಸುವುದು. ನನ್ನ ಮಕ್ಕಳಿಗೆ ಹಾಕಿದ್ದೇನೆ, ಗಂಡನಿಗೆ ಹಾಕಿದ್ದೇನೆ, ಈ ವುಕಾಶಿನ್‌ಗೇ ಅವನು ನಾಲ್ಕು ವರ್ಷದವನಿದ್ದಾಗ ಹಾಕಿದ್ದೇನೆ. ಅದು ಕುಡಿಯುವ ವಸ್ತು ಎಂದು ಆ ಹೊತ್ತಿನಲ್ಲಿ ನನಗೆ ಹೊಳೆಯಲೇ ಇಲ್ಲ. ಔಷಧಿ ಎಂದೇ ಕೈಹಾಕಿದೆ. ಕೀಲಿ ಬಿಚ್ಚಿ ನೆಲಮಾಳಿಗೆಗೆ ಇಳಿದು ಅರ್ಧ ಲೀಟರು ತಂದೆ, ಬಟ್ಟಲಲ್ಲಿ ಬಗ್ಗಿಸಿದೆ, ಚೀಲ ಅದ್ದಿದೆ, ಅವನ ಕಾಲಿಗೆ ಹಾಕಿದೆ. ಜ್ವರ ಇಳಿಯಲೆಂದು ಹನ್ನೊಂದೂವರೆ ತನಕ ಪಕ್ಕದಲ್ಲೇ ಕೂತಿದ್ದು, ಉಳಿದದ್ದನ್ನು ಹೊರಗೆ ಚೆಲ್ಲಿ ಬಟ್ಟಲು ತೊಳೆಯಲು ಹೋದೆ.

ಹಿಂದಿರುಗಿ ಬಂದಾಗ ಅವನು ಗೋಡೆಗೊರಗಿ ಕೂತಿದ್ದ. ಒಂದು ಕಾಲು ಬರಿದಾಗಿತ್ತು. ಒದ್ದೆ ಚೀಲ ಎರಡೂ ಕೈಯಲ್ಲಿತ್ತು, ಅದರ ತುದಿ ಬಾಯಲ್ಲಿ. ಕಣ್ಣು ಮುಚ್ಚಿಕೊಂಡು ಚೀಪುತ್ತಿದ್ದ. ಐವತ್ತೆಂಟು ವರ್ಷದ ಹಿಂದೆ ನನ್ನ ತೊಡೆಯ ಮೇಲೆ ಚೀಪುತ್ತಿದ್ದದ್ದೂ ಹೀಗೇ.

ನಾನು ಕೂಗಲಿಲ್ಲ. ಮೆಲ್ಲಗೆ ಕೈ ಚಾಚಿದೆ, ಅವನು ಬಿಡಲಿಲ್ಲ. ಚೀಲದ ಹಿಮ್ಮಡಿ ಹಿಡಿದು ಎಳೆದೆ. ಉಣ್ಣೆ ಹಿಗ್ಗಿತು. ಆಗ ಅವನು ಕಣ್ಣು ತೆರೆದು ನೋಡಿದ್ದು ನನ್ನನ್ನಲ್ಲ, ನನ್ನ ಹಿಂದಿನ ಗೋಡೆಯನ್ನು. ಚೀಲ ತಾನಾಗಿಯೇ ಕೈಯಿಂದ ಜಾರಿತು.

"ಕಣಜದ ಹುಳ," ಎಂದ. "ಅಕ್ಕ, ಮುಚ್ಚಳ ಯಾರು ತೆಗೆದಿಟ್ರು? ಕೊಳೆ ಮೇಲೆಲ್ಲಾ ಕಣಜ."

ಗೋಡೆಯ ಮೇಲೆ ಸಂತ ನಿಕೋಲನ ಪಟ ಬಿಟ್ಟರೆ ಏನೂ ಇರಲಿಲ್ಲ. ಅವನು ತೋಳಿನ ಮೇಲಿಂದ ಒಂದೊಂದಾಗಿ ತೆಗೆದು ನೆಲಕ್ಕೆ ಹಾಕತೊಡಗಿದ. ಹೆಬ್ಬೆರಳು ತೋರುಬೆರಳಿನಲ್ಲಿ ರೆಕ್ಕೆ ಹಿಡಿದು ಎತ್ತುವ ಹಾಗೆ, ತುಂಬ ಎಚ್ಚರಿಕೆಯಿಂದ. ಆಮೇಲೆ ಅಪ್ಪನ ಜೊತೆ ಮಾತಾಡಿದ. ಬೆಂಕಿ ಹೆಚ್ಚಾಯಿತು, ಸೌದೆ ಎಳೀತೀನಿ ಅಪ್ಪ ಎಂದು ಎದ್ದು ಒಲೆಯ ಕಡೆ ಹೊರಟವನನ್ನು ನಾನು ಸೊಂಟ ಹಿಡಿದು ತಡೆದೆ. ಮೈ ಒಲೆಯಂತೆಯೇ ಇತ್ತು.

ಫೋನ್ ಮಾಡಿದಾಗ ಹನ್ನೆರಡಾಗಲು ಹತ್ತು ನಿಮಿಷ. ಒಂಬತ್ತರಿಂದ ಲೆಕ್ಕ ಹಾಕಿದರೆ ಎರಡು ಗಂಟೆ ಐವತ್ತು ನಿಮಿಷ ನನ್ನಿಂದ ಹೋಯಿತು. ಆಂಬುಲೆನ್ಸಿಗಿಂತ ಮೊದಲು ಜಿವ್ಕಾ ತನ್ನ ಹಳೆಯ ಕಾರಿನಲ್ಲಿ ಬಂದಳು. ಒಳಗೆ ಕಾಲಿಟ್ಟವಳೇ ಮೂಗು ಮುದುರಿದಳು.

"ಕುಡಿದ್ನಾ?"

"ನಾನೇ ಕಾಲಿಗೆ ಹಾಕ್ದೆ. ಜ್ವರ ಇತ್ತು ಅಂತ."

ಅವಳು ನನ್ನ ಮುಖ ನೋಡಿ ತನ್ನ ಪೆಟ್ಟಿಗೆ ತೆರೆದಳು. ಅವನ ತೋಳಿಗೆ ಸೂಜಿ ಚುಚ್ಚಿದಳು. ನನಗೆ ಬಿಸಿನೀರು ಸೋಪು ತರಹೇಳಿದಳು. ನಾನು ಅವನ ಕಾಲು ತೊಳೆಯುತ್ತಿದ್ದಾಗಲೇ ಸೆಳೆತ ಬಂತು. ಬಟ್ಟಲು ಉರುಳಿತು. ಅವಳು ಅವನನ್ನು ಮಗ್ಗುಲಿಗೆ ಹೊರಳಿಸಿ, ಕೈಗಡಿಯಾರ ನೋಡುತ್ತಾ ಕೂತಳು. ಎರಡು ನಿಮಿಷ ಇಪ್ಪತ್ತು ಸೆಕೆಂಡು. ಹೊರಗೆ ಸೈರನ್ ಕೇಳಿದಾಗ ಅವಳು, "ರೂಜಕ್ಕ, ಅವನ ಪಾದ ಇನ್ನೊಂದ್ಸಲ ತೊಳೀರಿ, ಆಸ್ಪತ್ರೆಯವ್ರಿಗೆ ಈ ವಾಸನೆ ಬಂದ್ರೆ ಕುಡಿದು ಬಂದವನು ಅಂತ್ಲೇ ಬರ್ಕೊಂಡ್‌ಬಿಡ್ತಾರೆ" ಎಂದಳು. ತೊಳೆದೆ.

ಆಸ್ಪತ್ರೆಯಲ್ಲಿ ಅವನು ಹನ್ನೊಂದು ದಿನ ಇದ್ದ. ಮೊದಲ ನಾಲ್ಕು ದಿನ ಬದುಕುತ್ತಾನೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ. ಆ ದಿನಗಳಲ್ಲಿ ನಾನು ದೆಸಾಂಕಳನ್ನು ಫೋನಿನಲ್ಲಿ ಕೇಳಿ, ಪೇಟೆಯ ವ್ಯಾಪಾರಿಯನ್ನು ಕರೆಸಿ ನೆಲಮಾಳಿಗೆಯ ಪೀಪಾಯಿಗಳನ್ನೆಲ್ಲ ಕೊಟ್ಟುಬಿಟ್ಟೆ. ಮೂಲೆಗಳಲ್ಲಿದ್ದ ಬಾಟಲಿಗಳನ್ನು ಹುಡುಕಿ ತೆಗೆದು ಚರಂಡಿಗೆ ಸುರಿದೆ. ಗೋಡೆಗೆ ಸುಣ್ಣ ಹೊಡೆದೆ. ವಾಸನೆ ಪೂರಾ ಹೋಗಲಿಲ್ಲ.

ಮನೆಗೆ ಬಂದವನ ಕೈ ನಡುಗುತ್ತಿರಲಿಲ್ಲ. ಊರವರು ಕೈ ನೋಡಿ ಸರಿಹೋಯಿತು ಎಂದರು. ಮೈ ಸುಮ್ಮನಾಗಿತ್ತು ಅಷ್ಟೆ, ತಲೆ ಆಗತಾನೆ ಶುರುಮಾಡಿತ್ತು. ಅವನಿಗೆ ನಿದ್ದೆಯೇ ಇರಲಿಲ್ಲ. ಎರಡು ಗಂಟೆ ಕಣ್ಣು ಮುಚ್ಚಿದರೆ ಕುಡಿದ ಹಾಗೆ ಕನಸು ಬೀಳುತ್ತಿತ್ತಂತೆ, ಎದ್ದ ಮೇಲೂ ಬಾಯಲ್ಲಿ ರುಚಿ ಇರುತ್ತಿತ್ತಂತೆ. ನಿಜವಾಗಿ ಕುಡಿದೆನೋ ಎಂದು ಹೆದರಿ ನನ್ನ ಬಾಗಿಲಿಗೆ ಬಂದು ಬಾಯಿ ಊದಿ ತೋರಿಸುತ್ತಿದ್ದ. ಸುತ್ತಿಗೆ ತರಲು ಹೋಗಿ ಬಕೆಟ್ಟು ತರುತ್ತಿದ್ದ. ಬಾಗಿಲು ಜೋರಾಗಿ ಮುಚ್ಚಿಕೊಂಡರೆ ಮೈಯೆಲ್ಲ ಬೆವರು. ಒಂದು ದಿನ ರೇಡಿಯೋದಲ್ಲಿ ನದಿಗಳ ನೀರಿನ ಮಟ್ಟ ಓದುತ್ತಿದ್ದರು, ಅದನ್ನು ಕೇಳಿ ಅತ್ತ. ಇನ್ನೊಂದು ದಿನ ನಾನು ಬೀನ್ಸ್ ಸಾರಿಗೆ ಉಪ್ಪು ಕಡಿಮೆ ಹಾಕಿದೆ ಎಂದು ತಟ್ಟೆಯನ್ನು ಗೋಡೆಗೆ ಎಸೆದು, ಆಮೇಲೆ ಮಂಡಿಯೂರಿ ಚೂರುಗಳನ್ನು ಆರಿಸಿದ.

ಸಿಹಿಯ ಹುಚ್ಚು ಹಿಡಿಯಿತು. ಅತಿಥಿಗಳಿಗೆ ಒಂದು ಚಮಚ ಕೊಡಲೆಂದು ದೆಸಾಂಕ ಮಾಡಿಟ್ಟಿದ್ದ ಚೆರ್ರಿ ಮುರಬ್ಬದ ಒಂಬತ್ತು ಜಾಡಿಗಳನ್ನು ಮೂರು ವಾರದಲ್ಲಿ ಖಾಲಿ ಮಾಡಿದ. ಮುದುಕಿ ಹಾಸಿಗೆ ಹಿಡಿದದ್ದರಿಂದ ಆ ಸಲ ಊರಿಗೆ ಬರಲಾಗದ ಅವಳು ಫೋನಿನಲ್ಲಿ, ನನ್ನ ಗಂಡನನ್ನು ಜೇನುಹುಳ ಮಾಡಿ ಇಟ್ಟಿದ್ದೀರಾ ಅತ್ತಿಗೆ ಎಂದು ನಕ್ಕಳು. ನಗುತ್ತಲೇ, ಅವನು ಹೇಗಿದ್ದಾನೆ ನಿಜ ಹೇಳಿ ಎಂದಳು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಸಿಟ್ಟು ಬಂದ ದಿನ ನನಗೆ ಭಯವಾಗುತ್ತಿರಲಿಲ್ಲ. ಸುಮ್ಮನೆ ಕೂತ ದಿನ ಭಯವಾಗುತ್ತಿತ್ತು. ಏನೂ ರುಚಿಸುವುದಿಲ್ಲ ಅಕ್ಕ, ಎಲ್ಲ ಹಲಗೆಯ ಹಾಗಿದೆ ಎಂದು ಒಮ್ಮೆ ಹೇಳಿದ. ಇದು ತಿಂಗಳುಗಟ್ಟಲೆ ಇರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ, ಬಂದಾಗ ಒಬ್ಬನೇ ಇರಬಾರದು ಎಂದು ಜಿವ್ಕಾ ಹೇಳಿದ್ದಳು.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಊರಿನ ಪೀಪಾಯಿಗಳಲ್ಲಿ ಕೊಳೆ ಹುಳಿ ಬಂದು ನಿಂತಿತು. ಜನ ಸರದಿ ಕೇಳಲು ಬಂದರು. ಅವನು ಈ ವರ್ಷ ಇಲ್ಲ ಎಂದ. ಭಟ್ಟಿಯವನು ಸನ್ಯಾಸಿಯಾದ, ಇನ್ನು ಕಟುಕ ಸೊಪ್ಪು ತಿನ್ನುವುದು ಬಾಕಿ ಎಂದು ಅಂಗಡಿಯಲ್ಲಿ ಆಡಿಕೊಂಡರು. ಆದರೆ ಅವರ ಕಷ್ಟವೂ ಸುಳ್ಳಲ್ಲ. ಕೊಳೆ ಕಾಯುವುದಿಲ್ಲ, ಎರಡು ವಾರ ತಡವಾದರೆ ವಿನಿಗರ್ ಆಗುತ್ತದೆ. ಪಕ್ಕದೂರಿನ ಭಟ್ಟಿಯಲ್ಲಿ ಅವರದ್ದೇ ಸರದಿ ತುಂಬಿತ್ತು. ಕತ್ತರಿಸಲು ಬಾರದವನು ಕೂತರೆ ಇಡೀ ಊರಿನ ತಲೆ ಸಿಡಿಯುತ್ತದೆ.

ತಿಹೊಮಿರ್ ಮೂರು ಸಲ ಬಂದ. ಮೂರನೆಯ ಸಲ ವುಕಾಶಿನ್ ಒಂದು ದಾರಿ ಹೇಳಿದ. ರುಚಿ ನೋಡದೆಯೂ ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ. ಬಾಟಲಿಗೆ ತುಂಬಿ ಬಿರಟೆ ಹಾಕಿ ಕುಲುಕಿದರೆ ಮೇಲೆ ಗುಳ್ಳೆಗಳು ಮಣಿಸರದ ಹಾಗೆ ಸುತ್ತುಕಟ್ಟುತ್ತವೆ. ಮಣಿಯ ಗಾತ್ರ ಎಷ್ಟು, ಸರ ಎಷ್ಟು ಹೊತ್ತು ನಿಂತಿತು ಎಂಬುದನ್ನು ನೋಡಿ ಹೇಳಬಹುದು. ಅವನು ರಸ್ತೆಯ ಈಚೆ ಆಕ್ರೋಟದ ಮರದ ಕೆಳಗೆ ಕೂರುತ್ತಾನೆ, ಭಟ್ಟಿಮನೆಯೊಳಗೆ ಕಾಲಿಡುವುದಿಲ್ಲ. ಬಿರಟೆ ಹಾಕಿದ ಬಾಟಲಿಯನ್ನು ನಾನು ತಂದು ತೋರಿಸಬೇಕು. ಜಿವ್ಕಾಗೆ ಇದು ಸುತರಾಂ ಇಷ್ಟವಿರಲಿಲ್ಲ. ಬೆಂಕಿಯ ಪಕ್ಕದಲ್ಲಿ ಹುಲ್ಲು ಕೂರಿಸಿ ಉರಿಯಬೇಡ ಎನ್ನುತ್ತೀರಾ ಎಂದು ಕೇಳಿದಳು. ನನಗೂ ಇಷ್ಟವಿರಲಿಲ್ಲ. ಅವನ ಮುಖದಲ್ಲಿ ಎರಡು ತಿಂಗಳಲ್ಲಿ ಮೊದಲ ಸಲ ಏನೋ ಒಂದು ಬೇಕು ಎನ್ನುವ ಕಳೆ ಕಂಡಿತ್ತು, ಅದಕ್ಕೆ ಸೋತೆ. ಇದು ನನ್ನ ಎರಡನೆಯ ತಪ್ಪು.

ಅಕ್ಟೋಬರ್ ಐದನೇ ತಾರೀಕು, ಬೆಳಿಗ್ಗೆ ಎಂಟಕ್ಕೆ ಬೆಂಕಿ ಹಾಕಿದರು. ಮೊದಲ ಕೊಳೆ ತಿಹೊಮಿರ್‌ನದ್ದು. ಹೆಂಗಸರು ಭಟ್ಟಿಯ ಹತ್ತಿರ ನಿಲ್ಲುವ ಪದ್ಧತಿ ನಮ್ಮಲ್ಲಿಲ್ಲ.

"ರೂಜಕ್ಕ, ನೀವು ಒಳಗ್ ಬಂದ್ರೆ ರಾಕಿಯಾ ಹಾಲಾಗ್‌ಬಿಡುತ್ತೆ ಅಂತಿದ್ರು ನಮ್ಮಜ್ಜ," ಎಂದ ತಿಹೊಮಿರ್.

"ಆಗ್ಲಿ ಬಿಡು. ನಿನ್ ಹೆಂಡ್ತಿ ಹೆಪ್ಪು ಹಾಕ್ಲಿ."

ಮೊದಲ ಬಾಟಲಿ ತಂದೆ. ವುಕಾಶಿನ್ ಬಿಸಿಲಿಗೆ ಹಿಡಿದು ಕುಲುಕಿದ. ತಲೆ, ಎಸೀರಿ ಎಂದ. ಎರಡನೆಯದೂ ತಲೆಯೇ ಎಂದ. ಮೂರನೆಯದನ್ನು ಕುಲುಕಿದ. ಮತ್ತೆ ಕುಲುಕಿದ. ಆ ವರ್ಷ ಹಣ್ಣು ಕೀಳುವ ವಾರ ಪೂರ್ತಿ ಮಳೆ, ಹಣ್ಣಿನಲ್ಲಿ ನೀರು ಜಾಸ್ತಿ. ಮಣಿ ಒಂದು ಮಾತು ಹೇಳುತ್ತಿತ್ತು, ಸರ ಇನ್ನೊಂದು. ನಾಲ್ಕನೆಯದೂ ಹಾಗೆಯೇ. ಒಳಗೆ ಕೊಳವೆ ಸುರಿಯುತ್ತಲೇ ಇತ್ತು. ತಲೆಯೋ ನಡುವೋ ಹೇಳು, ಎಸೆಯುತ್ತಿರುವುದು ನನ್ನ ಹಣ್ಣು ಎಂದು ತಿಹೊಮಿರ್ ಬಾಗಿಲಿನಿಂದ ಕೂಗಿದ. ಅಷ್ಟರಲ್ಲಿ ಗಾಳಿ ತಿರುಗಿ ಹಬೆಯ ವಾಸನೆ ಮರದ ಕೆಳಗೆ ಬಂತು. ತಮ್ಮ ಬಾಟಲಿಯನ್ನು ನನ್ನ ಕಡೆ ಚಾಚಿದ.

"ಬಿರಟೆ ತೆಗಿ ಅಕ್ಕ. ಮೂಸಿ ಮಾತ್ರ ನೋಡ್ತೀನಿ."

ನಾನು ತೆಗೆಯಲಿಲ್ಲ. ಬಾಟಲಿಯನ್ನು ಏಪ್ರನ್ನಿನೊಳಗೆ ಸುತ್ತಿಕೊಂಡು ನಿಂತೆ. ತಿಹೊಮಿರ್‌ಗೆ ತಾಳ್ಮೆ ಕೆಟ್ಟಿತು. ಕೊಳವೆಯ ಕೆಳಗೆ ಒಂದು ಸಣ್ಣ ಲೋಟ ಹಿಡಿದು, ತುಂಬಿಸಿಕೊಂಡು, ತಾನೇ ರಸ್ತೆ ದಾಟಿ ಬಂದ.

"ನುಂಗ್ಬೇಡ," ಎಂದ. "ನಾಲಿಗೆ ಮೇಲಿಟ್ಟು ಉಗುಳು. ನನ್ ಹಣ್ಣು, ನಾನೇ ಹೇಳ್ತಿದ್ದೀನಿ, ಉಗುಳು. ಬೇಜಾರಿಲ್ಲ ನಂಗೆ."

ವುಕಾಶಿನ್ ಲೋಟ ತೆಗೆದುಕೊಂಡ. ತೆಗೆದುಕೊಂಡ ಕೈ ನಡುಗಿತು, ಎರಡು ತಿಂಗಳಿಂದ ನಡುಗದಿದ್ದ ಕೈ. ಸ್ವಲ್ಪ ತುಳುಕಿ ಬೆರಳ ಮೇಲೆ ಹರಿಯಿತು. ಡಾಕ್ಟರಮ್ಮನ ಮಾತು ನನ್ನ ಕಿವಿಯಲ್ಲಿತ್ತು. ಹಿಡಿದರೆ ಮತ್ತೆ ಬಿಡಬೇಕು, ಆ ಬಿಡುವುದರಲ್ಲಿ ಉಳಿಯುವುದಿಲ್ಲ. ನಾನು ಕೈ ಚಾಚಿದ್ದರೆ ಲೋಟ ಕಸಿಯಬಹುದಿತ್ತು. ಚಾಚಲಿಲ್ಲ. ನಾನು ಕಸಿದರೆ ನಾಳೆ ನಾನಿಲ್ಲದಾಗ ಕುಡಿಯುತ್ತಾನೆ ಎಂದು ಅನಿಸಿತು. ಅದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ.

ಅವನು ಲೋಟದೊಳಗೇ ನೋಡುತ್ತಿದ್ದ.

"ನಂಗೆ ಉಗುಳೋಕ್ ಬರಲ್ಲ ತಿಹೊಮಿರ್," ಎಂದ. "ನಲವತ್ತು ವರ್ಷದಲ್ಲಿ ಒಂದ್ಸಲಾನೂ ಉಗುಳಿಲ್ಲ."

"ಹಂಗಾದ್ರೆ ಕಣ್ಣಲ್ಲೇ ಹೇಳಪ್ಪ. ನಡುನಾ, ಅಲ್ವಾ?"

"ಗೊತ್ತಿಲ್ಲ."

"ಏನಂದೆ?"

"ನಂಗ್ ಗೊತ್ತಾಗ್ತಿಲ್ಲ ಅಂದೆ."

ತಾತನಿಂದ ಇಲ್ಲಿಯತನಕ ಆ ಭಟ್ಟಿಯಲ್ಲಿ ಯಾರೂ ಆಡಿರದ ಮಾತು ಅದು. ಅಲ್ಲಿ ಕಾಯುತ್ತಿದ್ದ ಇನ್ನಿಬ್ಬರು ತಲೆ ತಗ್ಗಿಸಿದರು. ಅವನು ಲೋಟವನ್ನು ತಿಹೊಮಿರ್‌ನ ಕೈಗೇ ವಾಪಸು ಕೊಟ್ಟ. ಬೆಂಕಿ ಎಳೆದುಬಿಡಿ, ಇಳಿದದ್ದನ್ನು ಯಾರೂ ಕುಡಿಯಬೇಡಿ, ಬೇರೆ ಭಟ್ಟಿಗೆ ಕೊಂಡುಹೋಗಿ ಇನ್ನೊಮ್ಮೆ ಇಳಿಸಿ ಎಂದ. ತಿಹೊಮಿರ್ ಕೆಂಪಾದ. ನಿನ್ನಪ್ಪ ಸಾಯುವ ಹಿಂದಿನ ವಾರವೂ ಮೂರು ಕೊಳೆ ಇಳಿಸಿದ್ದ, ಅವನು ಗಂಡಸು ಎಂದ. "ಹೌದು," ಎಂದ ವುಕಾಶಿನ್, "ಮುಂದಿನ ವಾರ ಸತ್ತ."

ಮನೆಗೆ ಇನ್ನೂರು ಮೀಟರು. ಅವನು ಮುಂದೆ, ನಾನು ಹಿಂದೆ. ಒದ್ದೆಯಾದ ಕೈಯನ್ನು ಮೈಯಿಂದ ದೂರ, ಸುಟ್ಟ ಕೈ ಹಿಡಿದ ಹಾಗೆ ಹಿಡಿದುಕೊಂಡು ನಡೆದ. ಅಂಗಳದ ನಲ್ಲಿಯಲ್ಲಿ ಸೋಪು ಹಾಕಿ ತೊಳೆದ, ಮತ್ತೆ ತೊಳೆದ, ಆಮೇಲೆ ಬೂದಿ ಹಾಕಿ ಉಜ್ಜಿದ. ಅಡುಗೆಮನೆಯ ನೆಲದ ಮೇಲೆ ಬೋರಲು ಮಲಗಿದ. ಮೈಯೆಲ್ಲ ನಡುಗುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು, ನೆಲದ ಹಲಗೆಯನ್ನು ಉಗುರಿನಿಂದ ಹಿಡಿದಿದ್ದ. ನಾನು ಮೊದಲು ಫೋನ್ ಮಾಡಿದೆ, ಆಮೇಲೆ ಹೊಸ್ತಿಲ ಮೇಲೆ ಕೂತೆ. ಜಿವ್ಕಾ ಬಂದು ನಾಡಿ ನೋಡಿದಳು, ಜ್ವರ ನೋಡಿದಳು. ಜ್ವರ ಇರಲಿಲ್ಲ. ಇದು ದೇಹದ್ದಲ್ಲ, ಆಸೆಯದ್ದು, ಕಳೆದುಹೋಗುತ್ತದೆ, ಕಳೆಯುವ ತನಕ ಯಾರಾದರೂ ಇರಬೇಕು ಎಂದಳು. ಅವಳೂ ನನ್ನ ಪಕ್ಕ ಹೊಸ್ತಿಲ ಮೇಲೇ ಕೂತಳು. ಅವನು ಎದ್ದು ಹೊರಟರೆ ಏನು ಮಾಡುವುದೆಂದು ಇಬ್ಬರಿಗೂ ತಿಳಿದಿರಲಿಲ್ಲ. ಹನ್ನೊಂದೂಕಾಲರಿಂದ ಒಂದೂವರೆ ತನಕ. ಒಂದೂವರೆಗೆ ಅವನು ಹೊರಳಿ, ಸೂರು ನೋಡಿ, ಏನಾದರೂ ತಿನ್ನಲು ಇದೆಯೇ ಎಂದು ಕೇಳಿದ.

ಆ ವರ್ಷ ಊರಿನ ಕೊಳೆಯಲ್ಲಿ ಅರ್ಧ ಪಕ್ಕದೂರಿಗೆ ಹೋಯಿತು, ಅರ್ಧ ವಿನಿಗರಾಯಿತು. ಕೆಲವರು ಇನ್ನೂ ನಮಸ್ಕಾರ ಹೇಳುವುದಿಲ್ಲ. ತಿಹೊಮಿರ್ ಕ್ರಿಸ್‌ಮಸ್ಸಿಗೆ ಒಂದು ಹಂದಿಯ ತೊಡೆ ಕಳಿಸಿದ, ತಾನು ಬರಲಿಲ್ಲ.

ಈಗ ಮಾರ್ಚ್. ವುಕಾಶಿನ್ ಊರವರ ತೋಟಗಳಲ್ಲಿ ಪ್ಲಮ್ ಗಿಡಗಳ ಕೊಂಬೆ ಸವರುವ ಕೆಲಸಕ್ಕೆ ಹೋಗುತ್ತಾನೆ. ಐದು ಗಂಟೆ ನಿದ್ದೆ ಬರುತ್ತದೆ. ಗಡ್ಡ ತಾನೇ ಮಾಡಿಕೊಳ್ಳುತ್ತಾನೆ. ಮೊನ್ನೆ ಗುರುವಾರ ಮಧ್ಯಾಹ್ನ, ಕತ್ತರಿ ಕೈಯಲ್ಲೇ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದ. ಮುಖದಲ್ಲಿ ಬೆವರಿತ್ತು, ಹೊರಗೆ ಮಂಜು ಇನ್ನೂ ಕರಗಿರಲಿಲ್ಲ.

"ಅಕ್ಕ, ಇವತ್ತು ಆ ಆಸೆ ಬಂದಿದೆ," ಎಂದ.

ನಾನು ಬೆಂಚಿನ ಮೇಲೆ ಜಾಗ ಬಿಟ್ಟೆ. ಅವನು ಕೂತ. ನಾನು ಬಿತ್ತನೆಗೆ ಬೀನ್ಸ್ ಕಾಳು ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ. ಒಂದು ಗಂಟೆ ಹತ್ತು ನಿಮಿಷ ಆಯಿತು. ಆಮೇಲೆ ಎದ್ದು, ಬೆಳಕು ಹೋಗುವುದರೊಳಗೆ ಇನ್ನೂ ನಾಲ್ಕು ಗಿಡ ಇದೆ ಎಂದು ಹೇಳಿ ಹೋದ.